ಮಾತು ಮುಗಿದ ಮೇಲಿನ ಮುಖ

ನಾನು ಮೆಚ್ಚಿದ ನಟರು ಒಬ್ಬರೇ, ಅವರು ಎಂದೂ ನಾಯಕನ ಪಾತ್ರ ಮಾಡಿದವರಲ್ಲ. ಗೋಡೆಗೆ ಅಂಟಿಸುವ ಪೋಸ್ಟರಿನಲ್ಲಿ ಅವರ ಮುಖ ಇರುತ್ತಿರಲಿಲ್ಲ. ಇದ್ದರೂ ಯಾವುದೋ ಮೂಲೆಯಲ್ಲಿ, ಹುಣಸೆಬೀಜದಷ್ಟು. ಅವರಿಗೆ ಸಿಗುತ್ತಿದ್ದದ್ದು ಹೆಣ್ಣಿನ ತಂದೆ, ಮುದಿ ಮಂತ್ರಿ, ಊರ ಪಟೇಲ, ಗುಡಿಯ ಪೂಜಾರಿ ಇಂಥವೇ. ಮೂರು ಗಂಟೆಯ ಪಿಕ್ಚರಿನಲ್ಲಿ ಕಾಲು ಗಂಟೆ ಕಾಣಿಸಿಕೊಂಡರೆ ಹೆಚ್ಚು. ಆ ಕಾಲು ಗಂಟೆಗೆಂದೇ ನಾನೂ ನಮ್ಮ ಯಜಮಾನರೂ ಲಕ್ಷ್ಮೀಪುರಂನಿಂದ ನಡೆದುಕೊಂಡು ಥಿಯೇಟರಿಗೆ ಹೋಗುತ್ತಿದ್ದೆವು.

ಅವರನ್ನು ಮೊದಲು ನೋಡಿದ್ದು ನಾಟಕದಲ್ಲಿ. ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ನನ್ನ ಮದುವೆಯಾಯಿತು. ಹಳ್ಳಿಯಿಂದ ಮೈಸೂರಿಗೆ ಬಂದ ಹೊಸದು, ಕಾಲಿಗೆ ಚಪ್ಪಲಿ ಹಾಕಿ ನಡೆಯುವುದಕ್ಕೂ ನಾಚಿಕೆ. ದಸರೆಗೆಂದು ನಾಟಕ ಕಂಪನಿಯೊಂದು ಬಯಲಿನಲ್ಲಿ ತಗಡಿನ ಥಿಯೇಟರ್ ಹಾಕಿತ್ತು. ರಾಜನ ಪಾತ್ರದವರು ಎದೆ ಬಡಿದುಕೊಂಡು ಹಾಡುತ್ತಿದ್ದರು, ಜನ ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ರಾಜ ತನ್ನ ಮಗನನ್ನೇ ಗಡೀಪಾರು ಮಾಡಿದ. ಆ ಹುಡುಗನನ್ನು ಎತ್ತಿ ಆಡಿಸಿದ ಮುದಿ ಮಂತ್ರಿ ಹಿಂದೆ ನಿಂತಿದ್ದರು. ‘ಅಪ್ಪಣೆ’ ಎಂದರು, ಅಷ್ಟೇ ಅವರ ಮಾತು. ಆಮೇಲೆ ಅವರ ಕೈ ಹೆಗಲ ಮೇಲಿದ್ದ ಶಲ್ಯದ ಅಂಚನ್ನು ಹುಡುಕತೊಡಗಿತು. ಶಲ್ಯ ಅಲ್ಲೇ ಇತ್ತು, ಕೈಗೆ ಸಿಗಲಿಲ್ಲ. ನನ್ನ ತಮ್ಮ ಹೋದ ದಿನ ಅಪ್ಪಯ್ಯ ಹೀಗೇ ಹೆಗಲ ಮೇಲಿನ ಟವಲನ್ನು ಹುಡುಕಿದ್ದ. ಹೆಂಗಸರ ಕಡೆಯ ಬೆಂಚಿನ ಮೇಲೆ ಕೂತು ನಾನು ರಾಜನನ್ನು ಬಿಟ್ಟು ಮಂತ್ರಿಯನ್ನೇ ನೋಡಿ ಅತ್ತೆ.

ಹೊರಗೆ ಬಂದಾಗ ನಮ್ಮವರು ಗೇಟಿನ ಹತ್ತಿರ ಕಾಯುತ್ತಿದ್ದರು. ಮದುವೆಯಾಗಿ ನಾಲ್ಕು ತಿಂಗಳಾಗಿದ್ದರೂ ನಮ್ಮ ನಡುವೆ ಮಾತು ಅಷ್ಟಕ್ಕಷ್ಟೆ. ಅವರೇ ಶುರುಮಾಡಿದರು.

“ಆ ಮಂತ್ರಿ ಪಾರ್ಟಿನೋನ್ನ ನೋಡಿದ್ಯಾ?”

“ನೋಡ್ದೆ. ಶಲ್ಯ ಸಿಗ್ಲಿಲ್ಲ ಅವ್ರಿಗೆ.”

ಅವರು ದಾರಿಯಲ್ಲೇ ನಿಂತು ನನ್ನ ಕಡೆ ತಿರುಗಿದರು. “ಅಯ್ಯೋ, ನೀನೂ ಅದನ್ನೇ ನೋಡಿದ್ಯಾ!” ಎಂದರು. ಆ ದಿನದಿಂದ ನಾವು ಗಂಡ ಹೆಂಡತಿಯಾದೆವು ಎಂದೇ ನಾನು ಲೆಕ್ಕ ಹಾಕುವುದು.

ನಮ್ಮವರದು ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಮಾಡುವುದು. ಆ ನಟರು ಮುಂದೆ ಸಿನಿಮಾಕ್ಕೆ ಹೋದ ಮೇಲೂ ನಾವು ಬಿಡಲಿಲ್ಲ. ಒಂದು ಪಿಕ್ಚರಿನಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸಿ ಒಳಗೆ ಬಂದು, ಅವಳು ಕಟ್ಟುತ್ತಿದ್ದ ಹೂವಿನ ದಾರದ ಉಂಡೆಯನ್ನು ಸುತ್ತಿ ಸುತ್ತಿ ಗೂಡಿನಲ್ಲಿ ಇಟ್ಟರು. ಇನ್ನೊಂದರಲ್ಲಿ ಕೆಟ್ಟವನ ಪಾತ್ರ. ತಮ್ಮನ ಮನೆ ಮುರಿಯುವವ. ಅಲ್ಲಿಯೂ, ಸುಳ್ಳು ಸಾಕ್ಷಿ ಹೇಳಿ ಮನೆಗೆ ಬಂದವನು ಕಾಲು ತೊಳೆದ ನೀರನ್ನೇ ನೋಡುತ್ತಾ ನಿಂತ ರೀತಿ ಇತ್ತಲ್ಲ, ಅವನನ್ನು ಬೈಯಲು ಬಾಯಿ ಬರಲಿಲ್ಲ. ಬೇರೆಯವರು ಮಾತಿನಲ್ಲಿ ನಟಿಸುತ್ತಿದ್ದರು. “ಆವಯ್ಯಂದು ಮಾತು ಮುಗಿದ ಮೇಲೆ ಶುರುವಾಗತ್ತೆ ಕಣೇ. ಮೊಳೆ ಮಧ್ಯೆ ಖಾಲಿ ತುಂಡು ಇಡ್ದೆ ಹೋದ್ರೆ ಓದೋಕಾಗತ್ತಾ? ಆವಯ್ಯಂಗೆ ಆ ಖಾಲಿ ತುಂಡು ಎಲ್ಲಿಡ್ಬೇಕು ಅಂತ ಗೊತ್ತು” ಎನ್ನುತ್ತಿದ್ದರು ನಮ್ಮವರು.

ಹೀಗೆ ಹತ್ತು ವರ್ಷ. ನಡುವೆ ಒಬ್ಬಳು ಮಗಳು ಹುಟ್ಟಿದಳು. ಆಮೇಲೆ ಕೆಮ್ಮು ಬಂತು.

ಮೊದಲು ಸೀಸದ ದೂಳು ಎಂದುಕೊಂಡೆವು. ಸಂಜೆ ಹೊತ್ತಿಗೆ ಜ್ವರ, ಬೆನ್ನು ನೋವು. ಒಂದು ಬೆಳಗ್ಗೆ ಅವರು ಬಾಯಿಗೆ ಒತ್ತಿಕೊಂಡ ಟವಲನ್ನು ಮಡಿಸಿ ಮಡಿಸಿ ಅಂಗೈಯಲ್ಲಿ ಮುಚ್ಚಿಟ್ಟುಕೊಂಡರು. ನಾನು ಬಿಡಿಸಿ ನೋಡಿದೆ, ರಕ್ತ. ಕ್ಷಯ ಎಂದರು ಡಾಕ್ಟರು. ಊರ ಹೊರಗಿನ ಕ್ಷಯದಾಸ್ಪತ್ರೆಗೆ ಸೇರಿಸಿದೆವು. ಮಗುವಿಗೆ ಅಂಟಬಾರದೆಂದು ಅವಳನ್ನು ಅವ್ವನ ಊರಿಗೆ ಕಳಿಸಿದೆ. ಅವಳಿಗೆ ಏನೂ ಇಲ್ಲ ಎಂದು ಪರೀಕ್ಷೆ ಮಾಡಿ ಹೇಳಿದರು, ತಾಯಿ ಚಾಮುಂಡಿ ದೊಡ್ಡವಳು. ಮನೆಯಲ್ಲಿ ನಾನು ಒಬ್ಬಳೇ. ಒಂದು ಚಾಪೆ ಹಾಸಿದರೆ ಇಡೀ ಕೋಣೆ ಉಳಿಯುತ್ತಿತ್ತು.

ಆ ವಾರವೇ ಚಾಮುಂಡಿ ಬೆಟ್ಟ ಹತ್ತಿದೆ. ನಮ್ಮ ಕಡೆ ಹರಕೆ ಹೊರುವವರು ತಮಗೆ ಪ್ರಿಯವಾದದ್ದು ಒಂದನ್ನು ಬಿಡುತ್ತಾರೆ. ಅವ್ವ ಬದನೆಕಾಯಿ ಬಿಟ್ಟಿದ್ದಳು, ಅಜ್ಜಿ ಎಲೆ ಅಡಿಕೆ. ಮೆಟ್ಟಿಲು ಹತ್ತುವಾಗೆಲ್ಲ ಏನು ಬಿಡಲಿ ಎಂದು ಯೋಚಿಸಿದೆ. ಕಾಫಿ ಬಿಡಬಹುದಿತ್ತು. ಆದರೆ ನನಗೆ ಕಾಫಿಯ ಮೇಲೆ ಅಂಥ ಆಸೆ ಇಲ್ಲವೆಂದು ದೇವಿಗೆ ಗೊತ್ತಿರುವುದಿಲ್ಲವೇ? ನನಗೆ ಪ್ರಿಯವಾದದ್ದು ಯಾವುದೆಂದು ಅವಳೂ ಬಲ್ಲಳು, ನಾನೂ ಬಲ್ಲೆ. ಮಂಗಳಾರತಿಯ ಹೊತ್ತಿನಲ್ಲಿ, ಜನರ ಬೆವರಿನ ನಡುವೆ, ಮನಸ್ಸಿನಲ್ಲೇ ಹೇಳಿದೆ: ‘ತಾಯಿ, ನನ್ನ ಗಂಡ ತನ್ನ ಕಾಲ ಮೇಲೆ ತಾನು ನಡೆದು ಮನೆಯ ಹೊಸ್ತಿಲು ದಾಟುವವರೆಗೆ ಆ ನಟರ ಮುಖವನ್ನು ನಾನು ಕಣ್ಣೆತ್ತಿ ನೋಡುವುದಿಲ್ಲ.’ ಹರಕೆ ತೀರುವವರೆಗೆ ಬಾಯಿ ಬಿಡಬಾರದು, ಬಿಟ್ಟರೆ ಫಲವಿಲ್ಲ. ಹಾಗೆಂದು ಅವ್ವ ಹೇಳಿಕೊಟ್ಟಿದ್ದಳು. ಯಾರಿಗೂ ಹೇಳದೆ ಇಳಿದು ಬಂದೆ.

ಆಸ್ಪತ್ರೆಗೆ ವಾರಕ್ಕೆ ಎರಡು ಮಧ್ಯಾಹ್ನ ಬಿಡುತ್ತಿದ್ದರು. ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಕಟ್ಟಿಕೊಂಡು ಹೋಗುವುದು, ಮಂಚದಿಂದ ಎರಡು ಮೊಳ ದೂರ ಸ್ಟೂಲು ಹಾಕಿ ಕೂರುವುದು. ಸೂಜಿ ಚುಚ್ಚಿ ಚುಚ್ಚಿ ಅವರ ತೊಡೆ ಗಂಟುಕಟ್ಟಿತ್ತು. ಊಟ ಸೇರುತ್ತಿರಲಿಲ್ಲ. ಮಂಚ ಕಿಟಕಿಯ ಪಕ್ಕ ಸಿಕ್ಕಿತ್ತು, ಅಷ್ಟು ಪುಣ್ಯ.

ಮೂರನೆಯ ತಿಂಗಳು ಒಂದು ಸಲ ಹೋದಾಗ ಕೇಳಿದರು, “ಆವಯ್ಯಂದು ಹೊಸಾ ಪಿಕ್ಚರ್ ಬಂದೈತಂತಲ್ಲ. ಪೇಪರ್‌ನಲ್ಲಿತ್ತು. ನೋಡ್ಕೊಂಡು ಬಂದು ಹೇಳೇ. ನಂಗಂತೂ ಈ ಜನ್ಮದಲ್ಲಿ ಥಿಯೇಟ್ರು ಇಲ್ಲ.”

“ಬುಡಿ, ಅಂಗೆಲ್ಲ ಅನ್ಬೇಡಿ.”

“ನೀ ಹೇಳ್ತಾ ಇದ್ರೆ ಒಂದು ಮೊಟ್ಟೆ ಹೆಚ್ಗೆ ತಿಂತೀನಿ, ಹೋಗು.”

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಕಾರಣ ಹೇಳುವಂತಿಲ್ಲ. ನೋಡುವಂತಿಲ್ಲ. ನಮ್ಮ ಮುಂದಿನ ಮನೆಯಲ್ಲಿ ನನಗಿಂತ ಹಿರಿಯಳಾದ ಒಬ್ಬಾಕೆ ಇದ್ದಳು, ಹೊಸ ಪಿಕ್ಚರ್ ಬಂದರೆ ಮೊದಲ ದಿನವೇ ಹೋಗುವವಳು. ಅವಳನ್ನು ಕೇಳಿಕೊಂಡೆ.

“ಅಯ್ಯೋ ಏನ್ ಕೇಳ್ತೀಯಾ ಕಣಮ್ಮ! ಹೀರೋಯಿನ್ನು ಜರತಾರಿ ಸೀರೆ ಉಟ್ಕಂಡು ಬಾವಿ ಹತ್ರ ಬತ್ತಾಳೆ ನೋಡು, ಆ ಅಂಚು ಒಂದೇ ಒಂದು ಗೇಣು...”

“ಅದಿರ್ಲಿ ಅಕ್ಕ, ಅವಳಪ್ಪನ ಪಾರ್ಟು?”

“ಆ ಮುದುಕ್ರಾ? ಅವ್ರೂ ಇದ್ರು ಪಾಪ. ಕೊನೇಲಿ ಅತ್ರು ಅನ್ಸತ್ತೆ. ಅಳ್ದೆ ಇನ್ನೇನು, ಮಗಳು ಬಾವಿಗೆ ಬಿದ್ಮೇಲೆ.”

ಅಷ್ಟನ್ನೇ ಕಟ್ಟಿಕೊಂಡು ಹೋಗಿ, ಉಳಿದದ್ದು ನಾನೇ ಸೇರಿಸಿ ಹೇಳಿದೆ. ಮಗಳ ಹೆಣದ ಮೇಲೆ ಬಿದ್ದು ಉರುಳಾಡಿ ಅತ್ತರು ಎಂದೆ. ಮೊಟ್ಟೆಯನ್ನು ಬಾಯಿಗೆ ಇಡಹೊರಟವರು ಕೈ ಕೆಳಗಿಳಿಸಿದರು.

“ಯಾರು, ಆವಯ್ಯ ಉಳ್ಳಾಡಿ ಅತ್ತಾ?”

ನಾನು ತಲೆ ತಗ್ಗಿಸಿದೆ.

“ನೀನು ಹೋಗೇ ಇಲ್ಲ. ಹೋಗ್ದೆ ಇದ್ರೆ ಹೋಗ್ಲಿ, ಸುಳ್ಳು ಯಾಕೆ? ಸಾಯೋನಿಗೆ ಎಂಗೆ ಹೇಳಿದ್ರೂ ನಡೆಯತ್ತೆ ಅಂತಾನಾ?” ಗೋಡೆಯ ಕಡೆ ತಿರುಗಿ ಮಲಗಿ ಕೇಳಿದರು. “ಡಾಕ್ಟ್ರು ವಾಸಿಯಾಗತ್ತೆ ಅಂದ್ರು ಅಂತ ಹೇಳ್ತೀಯಲ್ಲ ವಾರ ವಾರ, ಅದೂ ಇಂಥದ್ದೇನಾ?”

ಆ ಮಧ್ಯಾಹ್ನ ನಾವು ಹೊರಡುವ ಗಂಟೆ ಬಾರಿಸುವವರೆಗೂ ಅವರು ಈ ಕಡೆ ತಿರುಗಲಿಲ್ಲ.

ಮುಂದಿನ ತಿಂಗಳು ಡಾಕ್ಟರು ನನ್ನನ್ನು ಹೊರಗೆ ಕರೆದು, ಸೂಜಿಮದ್ದು ಕೆಲಸ ಮಾಡುತ್ತಿಲ್ಲ, ಒಂದು ಕಡೆಯ ಪಕ್ಕೆಲುಬುಗಳನ್ನು ತೆಗೆದು ಆ ಶ್ವಾಸಕೋಶವನ್ನು ಕುಗ್ಗಿಸಬೇಕು, ಎರಡು ಸಲ ಆಪರೇಷನ್ನು ಎಂದರು. ಮಾಡಿಸಿದರೆ ಬದುಕುವ ಸಾಧ್ಯತೆ ಚೆನ್ನಾಗಿದೆ, ಮಾಡಿಸದಿದ್ದರೆ ಮುಂದಿನ ದಸರೆ ಕಾಣುವುದು ಕಷ್ಟ ಎಂದರು. ಒಪ್ಪಿಗೆಯ ಕಾಗದಕ್ಕೆ ರೋಗಿಯೇ ರುಜು ಹಾಕಬೇಕಿತ್ತು.

ನಮ್ಮವರು ಆಗುವುದಿಲ್ಲ ಎಂದರು. ಎದುರು ಮಂಚದವರು ಅದೇ ಆಪರೇಷನ್ನಿಗೆ ಹೋಗಿ ತಿರುಗಿ ಬಂದಿರಲಿಲ್ಲ.

“ಡಾಕ್ಟ್ರು ಚೆನ್ನಾಗಿ ಹೇಳಿದ್ರು ಕಣ್ರೀ, ನನ್ನಾಣೆ.”

“ನಿನ್ನ ಮಾತು ನಂಬೋದೆಂಗೆ ನಾನು?” ಎಂದರು. ಸಿಟ್ಟಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಸಿಟ್ಟಿದ್ದರೆ ಜಗಳವಾಡಬಹುದಿತ್ತು.

ಮನೆಗೆ ಬಂದು ದೇವರ ಮುಂದೆ ಕೂತೆ. ದೀಪ ಹಚ್ಚಲೂ ಮನಸ್ಸಾಗಲಿಲ್ಲ. ಅವರು ಉಳಿಯಲೆಂದು ಹೊತ್ತ ಹರಕೆಯೇ ಅವರನ್ನು ಕೊಲ್ಲುತ್ತಿದೆ. ಹರಕೆ ಮುರಿದರೆ ದೇವಿ ಬಿಡುತ್ತಾಳೆಯೇ? ಮುರಿಯದಿದ್ದರೆ ಅವರು ರುಜು ಹಾಕುವುದಿಲ್ಲ. ಮೂರು ದಿನ ಒಲೆ ಹೊತ್ತಿಸಲಿಲ್ಲ. ಮುಂದಿನ ಮನೆಯಾಕೆ ತಂದಿಟ್ಟ ಅನ್ನ ಹಾಗೇ ಹಳಸಿತು.

ನಾಲ್ಕನೆಯ ದಿನ ಅವಳೇ ಬಂದು ಹೇಳಿದಳು, “ಏಳಮ್ಮ, ನಿಮ್ಮ ಮುದುಕ್ರುದು ಇನ್ನೊಂದು ಪಿಕ್ಚರ್ ಬಂದೈತೆ. ಇದ್ರಲ್ಲಿ ಅವ್ರು ಮದ್ವೆ ಅಡಿಗೆಯೋರಂತೆ. ಮ್ಯಾಟ್ನಿಗೆ ಹೋಗ್ಬರಾಣ, ನಿನ್ನ ಮುಖ ನೋಡೋಕಾಗಲ್ಲ ನಂಗೆ.”

ನನಗೆ ಆಗ ಹೊಳೆಯಿತು. ನೋಡುವುದಿಲ್ಲ ಎಂದು ತಾನೇ ಹೇಳಿದ್ದು? ಥಿಯೇಟರಿಗೆ ಹೋಗುವುದಿಲ್ಲ ಎಂದಿರಲಿಲ್ಲ. ಇದು ದೇವಿಯ ಜೊತೆ ಚೌಕಾಶಿ ಎಂದು ಯಾರಾದರೂ ಹೇಳಿದರೆ ನಾನು ಇಲ್ಲ ಎನ್ನಲಾರೆ. ಮುಳುಗುತ್ತಿದ್ದವಳಿಗೆ ಕೈಗೆ ಸಿಕ್ಕಿದ್ದು ಅದೊಂದೇ.

ಹೆಂಗಸರ ಕಡೆಯ ಬೆಂಚಿನಲ್ಲಿ ಕೂತು, ದೀಪ ಆರುತ್ತಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದೆ.

“ಯಾಕಮ್ಮ, ತಲೆನೋವಾ?”

“ಊಂ.”

“ಕಣ್ ಮುಚ್ಕಂಡು ಪಿಕ್ಚರ್ ನೋಡೋಳ್ನ ಇವತ್ತೇ ನೋಡಿದ್ದು ನಾನು! ನಾನ್ ಹೇಳ್ಲಾ, ಏನೇನಾಗ್ತಾ ಐತೆ ಅಂತ?”

“ಬೇಡಿ ಅಕ್ಕ, ದಮ್ಮಯ್ಯ. ಏನೂ ಹೇಳ್ಬೇಡಿ.”

ಕಿವಿ ಅಷ್ಟು ದುಡಿದದ್ದು ನನ್ನ ಆಯಸ್ಸಿನಲ್ಲೇ ಇಲ್ಲ. ಆ ನಟರ ಧ್ವನಿ ಬಂದ ಕೂಡಲೇ ಗುರುತು ಸಿಕ್ಕಿತು. ಸ್ವಲ್ಪ ಒಡೆದ, ಗಂಟಲ ಹಿಂದಿನ ಧ್ವನಿ. ಮದುವೆಮನೆ. ವಾಲಗ. ಊಟದ ಪಂಕ್ತಿಗೆ ಪಾಯಸ ಬಡಿಸುತ್ತಿದ್ದಾರೆ. ಸೌಟು ಕೊಳಗದ ಅಂಚಿಗೆ ಟಣ್ ಎಂದು ತಾಗುತ್ತದೆ, ಎರಡು ಹೆಜ್ಜೆ, ಮತ್ತೆ ಟಣ್. ಒಂದು ಎಲೆಗೆ ಒಂದು ಸಲ. ಯಾರೋ ಓಡಿಬಂದು ಉಸಿರು ಕಟ್ಟಿದ ಧ್ವನಿಯಲ್ಲಿ, ಊರಿನಿಂದ ಆಳು ಬಂದಿದ್ದಾನೆ, ನಿಮ್ಮ ಮಗಳು ಹೋಗಿಬಿಟ್ಟಳಂತೆ ಎಂದ.

ಆಮೇಲೆ ಏನೂ ಇಲ್ಲ.

ವಾಲಗ ಕೂಡ ನಿಂತಿತ್ತು. ನನ್ನ ಹಿಂದಿನ ಬೆಂಚಿನಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದವರು ನಿಲ್ಲಿಸಿದರು. ಅಳುತ್ತಿದ್ದ ಯಾರದೋ ಕೂಸಿನ ಬಾಯಿಗೆ ಕೈ ಅಡ್ಡ ಬಂತೋ ಏನೋ, ಅದೂ ಸುಮ್ಮನಾಯಿತು. ಅವರ ಮಾತು ಮುಗಿದ ಮೇಲಿನ ಮುಖ ಆ ಪರದೆಯ ಮೇಲೆ ಇತ್ತು. ಥಿಯೇಟರಿನ ಅಷ್ಟೂ ಕಣ್ಣುಗಳು ಅದನ್ನು ನೋಡುತ್ತಿದ್ದವು, ನನ್ನವೆರಡನ್ನು ಬಿಟ್ಟು. ರೆಪ್ಪೆ ತಾನಾಗಿ ಅದುರಿತು. ಎರಡೂ ಅಂಗೈಗಳನ್ನು ಕಣ್ಣಿಗೆ ಒತ್ತಿ ಹಿಡಿದೆ, ಬಣ್ಣಬಣ್ಣದ ಚುಕ್ಕಿ ಏಳುವಷ್ಟು. ತೆರೆದರೆ ನಮ್ಮವರು ಸಾಯುತ್ತಾರೆ, ತೆರೆದರೆ ನಮ್ಮವರು ಸಾಯುತ್ತಾರೆ ಎಂದು ಜಪದಂತೆ ಹೇಳಿಕೊಂಡೆ. ಎಷ್ಟು ಹೊತ್ತಾಯಿತೋ. ಸೌಟು ಮತ್ತೆ ಟಣ್ ಎಂದಿತು. ಮದುವೆ ನಿಲ್ಲಬಾರದೆಂದು ಬಡಿಸುತ್ತಿದ್ದಾರೆ. ಎರಡು ಹೆಜ್ಜೆ, ಟಣ್. ಎರಡು ಹೆಜ್ಜೆ, ಟಣ್. ಮೊದಲಿದ್ದ ಅದೇ ಲಯ. ಆಮೇಲೆ ಹೆಜ್ಜೆಯಿಲ್ಲದೆ ಮತ್ತೊಂದು ಟಣ್. ಆಗ ಇಡೀ ಹೆಂಗಸರ ಬೆಂಚು ಬಿಕ್ಕಿತು.

ಭಾನುವಾರ ಆಸ್ಪತ್ರೆಯಲ್ಲಿ ನಮ್ಮವರು ಕಣ್ಣು ಮುಚ್ಚಿ ಮಲಗಿದ್ದರು. ಸ್ಟೂಲಿನ ಮೇಲೆ ಕೂತು, ಅವರು ಕೇಳುವ ಮೊದಲೇ ಹೇಳತೊಡಗಿದೆ. ಕೇಳಿದ್ದನ್ನು ಮಾತ್ರ. ಒಂದೂ ಸೇರಿಸಲಿಲ್ಲ. ಸೌಟು, ಹೆಜ್ಜೆ, ಕಡಲೆಕಾಯಿ ನಿಂತದ್ದು, ಕೂಸು ನಿಂತದ್ದು. ಕೊನೆಯ ಆ ಒಂದು ಸದ್ದನ್ನು ಹೇಳಿದಾಗ ಕಣ್ಣು ಬಿಟ್ಟರು.

“ಹೆಜ್ಜೆ ಕೇಳಿಸ್ಲಿಲ್ವಾ ಮಧ್ಯೆ?”

“ಇಲ್ಲ.”

“ಸರಿಯಾಗಿ ಕೇಳಿಸ್ಕೊಂಡ್ಯಾ?”

“ದೇವ್ರಾಣೆ.”

“ಒಂದೇ ಎಲೆಗೆ ಎರಡು ಸಲ ಬಡಿಸ್ಬುಟ್ಟವ್ನೆ,” ಎಂದರು. ಮೇಲಿನ ತೊಲೆಯನ್ನೇ ನೋಡುತ್ತಾ ಇನ್ನೊಂದು ಸಲ ಅದನ್ನೇ ಹೇಳಿದರು. ಅವರ ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆ ಇಳಿಯಿತು. “ಉಳ್ಳಾಡೋದಂತೆ! ನೋಡು, ಅಷ್ಟು ಸಾಕು ಆವಯ್ಯಂಗೆ. ಮುಖ ಎಂಗಿತ್ತು ಆಗ?”

ಏನು ಹೇಳಲಿ? ಇನ್ನೊಂದು ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. “ಗೊತ್ತಿಲ್ಲ” ಎಂದೆ.

“ಗೊತ್ತಿಲ್ಲ ಅಂದ್ರೆ? ಕೈ? ಕೊಳಗ ಯಾವ ಕೈಲಿತ್ತು?”

“ಗೊತ್ತಿಲ್ಲ.”

ಅವರು ಮೊಣಕೈ ಊರಿ ಅರ್ಧ ಎದ್ದು ನನ್ನನ್ನೇ ನೋಡಿದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ, ಮಾತು ಎಲ್ಲಿ ಹೊರಗೆ ಬಿದ್ದುಬಿಡುತ್ತದೋ ಎಂದು. ಅವರೂ ನಮ್ಮ ಕಡೆಯವರೇ, ಅವರ ಮನೆಯಲ್ಲೂ ಹೆಂಗಸರು ಹರಕೆಗೆಂದು ಏನೇನೋ ಬಿಟ್ಟವರೇ.

“ಕಣ್ಣು ಮುಚ್ಕೊಂಡು ಕೂತಿದ್ಯಾ?”

ನಾನು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ.

“ಮೂರು ಗಂಟೆ ಹೊತ್ತೂನಾ?” ಎಂದು ದಿಂಬಿಗೆ ಒರಗಿದರು. “ಆಯ್ತು, ನಾನೇನೂ ಕೇಳಲ್ಲ ಬುಡು. ಹುಚ್ಚಿ, ಬಿಡೋಕೆ ನಿಂಗೆ ಆವಯ್ಯನೇ ಸಿಕ್ಕಿದ್ನಾ? ಕಾಫಿ ಇರ್ಲಿಲ್ವಾ?” ಎಂದರು. ನಗಲು ಹೋಗಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕೈ ಚಾಚಿದರು. “ಡಾಕ್ಟ್ರು ಏನಂದ್ರು, ಸರಿಯಾಗಿ ಹೇಳು.”

ಹೇಳಿದೆ. ಚೆನ್ನಾಗಿರುವುದನ್ನೂ ಹೇಳಿದೆ, ಕೆಟ್ಟದ್ದನ್ನೂ ಹೇಳಿದೆ. ಗಂಟೆ ಬಾರಿಸುವ ಮೊದಲು ಕಾಗದ ತರಿಸಿ ರುಜು ಹಾಕಿದರು.

ಆಪರೇಷನ್ನು ಎರಡು ಸಲ ಆಯಿತು. ಅದನ್ನು ಬರೆಯಲು ನನಗೆ ಇಷ್ಟವಿಲ್ಲ. ಎರಡನೆಯದಾದ ಮೇಲೆ ಹನ್ನೊಂದು ದಿನ ನನ್ನ ಗುರುತು ಹಿಡಿಯಲಿಲ್ಲ. ಹನ್ನೆರಡನೆಯ ದಿನ ನೀರು ಕೇಳಿದರು. ಆ ನೀರನ್ನು ನಾನು ಇಂದಿಗೂ ತಾಯಿಯ ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ.

ಇನ್ನೂ ಐದು ತಿಂಗಳ ಮೇಲೆ ಮನೆಗೆ ಕಳಿಸಿದರು. ಬಲ ಭುಜ ಕೆಳಗೆ ಇಳಿದು, ಎದೆ ಒಂದು ಕಡೆ ಒಳಗೆ ಹೋಗಿತ್ತು. ಇನ್ನೊಂದು ತಿಂಗಳು ಮಲಗಿಯೇ ಇರಬೇಕು, ನಡೆಸಬೇಡಿ, ಎತ್ತಿಕೊಂಡೇ ಓಡಾಡಿಸಿ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಅಚ್ಚುಕೂಟದ ಇಬ್ಬರು ಜಟಕಾದಲ್ಲಿ ಜೊತೆಗೆ ಬಂದಿದ್ದರು, ಕುರ್ಚಿಯ ಮೇಲೆ ಕೂರಿಸಿ ಒಳಗೆ ಹೊರಲು. ಗೇಟಿನ ಮುಂದೆ ಜಟಕಾ ನಿಂತಾಗಲೇ ನನಗೆ ಬೆಟ್ಟದ ಮೇಲೆ ನಾನು ಆಡಿದ ಮಾತು ಎದೆಗೆ ಬಡಿದದ್ದು. ‘ತನ್ನ ಕಾಲ ಮೇಲೆ ತಾನು ನಡೆದು.’ ಮನೆಗೆ ಬಂದರೆ ಸಾಕು ಎಂದಿದ್ದರೆ ಆಗುತ್ತಿತ್ತು. ದೊಡ್ಡದಾಗಿ ಕೇಳಿಸಲೆಂದು ಹಾಗೆ ಹೇಳಿಕೊಂಡಿದ್ದೆ. ಈಗ ಹೊತ್ತುಕೊಂಡು ಹೊಸ್ತಿಲು ದಾಟಿಸಿದರೆ ಮಾತು ತಪ್ಪುತ್ತದೆ. ನಡೆಸಿದರೆ ಆ ಒಂದೇ ಶ್ವಾಸಕೋಶ ಏನಾಗುತ್ತದೋ.

ಅಚ್ಚುಕೂಟದವರು ಕುರ್ಚಿ ಇಳಿಸಿದರು. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಸರಿಯಲು ಕಾಲು ಬರಲಿಲ್ಲ, ಬಾಯಿ ಬಿಡುವಂತಿರಲಿಲ್ಲ.

“ಸರ್ಕೊಳಮ್ಮ, ಬಿಸ್ಲು!” ಎಂದರು ಅಚ್ಚುಕೂಟದವರಲ್ಲಿ ಒಬ್ಬರು.

“ಏನಾಯ್ತೇ ನಿಂಗೆ? ಮುತ್ತೈದೆ ಬಾಗ್ಲಿಗೆ ಅಡ್ಡ ನಿಂತ್ಕತಾಳಾ?” ಎಂದು ಮುಂದಿನ ಮನೆಯಾಕೆ ಕೂಗಿದಳು.

ನಮ್ಮವರು ಜಟಕಾದೊಳಗಿಂದ ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕಾಲು ಕೆಳಗೆ ಇಳಿಬಿಟ್ಟರು.

“ಬುಡ್ರಪ್ಪಾ, ಕುರ್ಚಿ ಬೇಡ.”

“ಡಾಕ್ಟ್ರು ಬೈತಾರೆ ಕಣೋ!”

“ಅವ್ರಿಲ್ಲಿಲ್ಲ. ಕೈ ಬುಡು.”

ಗೇಟಿನಿಂದ ಹೊಸ್ತಿಲಿಗೆ ನನ್ನ ಅಳತೆಯಲ್ಲಿ ಹದಿನಾಲ್ಕು ಹೆಜ್ಜೆ. ಅವರು ಗೋಡೆ ಹಿಡಿದು ಎರಡಿಟ್ಟು ನಿಂತರು, ಮೂರಿಟ್ಟು ನಿಂತರು. ತುಟಿ ನೀಲಿಯಾಗುತ್ತಿತ್ತು. ‘ಸಾಕು, ಹೊತ್ತುಕೊಳ್ಳಿ’ ಎಂಬ ಮಾತು ನನ್ನ ಹಲ್ಲಿನವರೆಗೆ ಬಂತು. ಮುಂದಿನ ಮನೆಯಾಕೆ ನನ್ನ ಬೆನ್ನಿಗೆ ಗುದ್ದಿದಳು, “ಕಲ್ಲು ಕಣೇ ನೀನು, ಕಲ್ಲು!” ಎಂದಳು. ನಾನು ಹಿಂದೆ ಹಿಂದೆ ಸರಿಯುತ್ತಾ, ಕೈ ಚಾಚಿಯೂ ಮುಟ್ಟದೆ, ಅವರ ಪಾದಗಳನ್ನೇ ನೋಡುತ್ತಾ ಒಳಗೆ ಹೋದೆ. ಹೊಸ್ತಿಲಿನ ಮುಂದೆ ನಿಂತು ಅವರು ಎಡಗಾಲು ಎತ್ತಿದರು, ಇಳಿಸಿದರು, ಬಲಗಾಲು ಎತ್ತಿ ಒಳಗಿಟ್ಟರು. ಎಡಗಾಲು ಹಿಂದೆ ಬಂತು. ಆಮೇಲೆ ನನ್ನ ಮೇಲೆ ಬಿದ್ದರು.

ನೆಲದ ಮೇಲೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಉಸಿರು ಒಂದು ಬಂದರೆ ಇನ್ನೊಂದು ಬರುತ್ತದೋ ಇಲ್ಲವೋ ಎಂಬಂತಿತ್ತು. ಬರುತ್ತಿತ್ತು. ಬಾಗಿಲಲ್ಲಿ ಎಲ್ಲರೂ ನನ್ನನ್ನು ಬೈಯುತ್ತಲೇ ಇದ್ದರು. ಅವರು ಕಣ್ಣು ಬಿಡದೆ ಕೇಳಿದರು, “ತೀರ್ತಾ?”

“ತೀರ್ತು” ಎಂದೆ.

“ಏನಂತ ಹೊತ್ತಿದ್ದೆ, ಈಗ ಹೇಳು.”

“ಮೊದ್ಲು ಉಸಿರು ತಗೊಳ್ಳಿ,” ಎಂದು ಅವರ ಎದೆ ನೀವುತ್ತಾ ಕೂತೆ.